ಬರುವವಳ ತಂಬಿಗೆ

ಹುಚ್ಚೀರಪ್ಪ ಮೊದಲ ಸಲ ಊರು ಬಿಟ್ಟಿದ್ದು ಕಾರಹುಣ್ಣಿಮೆಯ ಮಾರನೆಯ ದಿನ, ಮಂಗಳವಾರ. ಆಗ ಅವನಿಗೆ ಒಂಬತ್ತು ವರ್ಷ. ಸಾಲಿ ಮಾಸ್ತರರು ಕೈಗೆ ಹಿತ್ತಾಳೆಯ ತಂಬಿಗೆ ಕೊಟ್ಟು, ಬಾವಿಯಿಂದ ಕುಡಿಯುವ ನೀರು ತಾ ಎಂದು ಕಳಿಸಿದ್ದರು. ಬಾವಿಯವರೆಗೆ ಹೋದ. ಬಾವಿ ದಾಟಿಯೂ ಹೋದ. ಸಾಲಿ ಹಿಂದೆ ಉಳಿಯಿತು, ತಂಬಿಗೆ ಕೈಯಲ್ಲಿ ಉಳಿಯಿತು.

ಆಮೇಲೆ ಮೂವತ್ತು ವರ್ಷ ಅವನ ಕಾಲು ಒಂದು ಕಡೆ ನಿಂತದ್ದಿಲ್ಲ. ಪಾತ್ರೆಗಳಿಗೆ ಕಲಾಯಿ ಹಾಕುವುದು, ಉಳಿ ಹಿಡಿದು ಹೆಸರು ಕೆತ್ತುವುದು ಅವನ ಕಸುಬು. ಎಲ್ಲಾದರೂ ಸ್ವಲ್ಪ ಗದ್ದಲವೆದ್ದರೆ ಸಾಕು, ಬೆಂಕಿ ಊದುವ ತಿದಿ ಮಡಚಿ ಗಂಟು ಹೊತ್ತು ಮಾಯ. ಯಾರಿಗೂ ಹೇಳಿ ಹೊರಟವನಲ್ಲ. ಇನ್ನೊಂದು ಗುಟ್ಟೂ ಇತ್ತು. ಸಾವಿರಾರು ಹೆಸರು ಕೆತ್ತಿದವನಿಗೆ ಒಂದಕ್ಷರ ಓದಲು ಬರುತ್ತಿರಲಿಲ್ಲ. ಮನೆಯವರು ಸುಣ್ಣದಲ್ಲಿ ಬರೆದುಕೊಟ್ಟ ಗೀಟಿನ ಮೇಲೆ ಉಳಿ ಓಡಿಸುತ್ತಿದ್ದ, ಅಷ್ಟೇ. ಕೇಳಿದವರಿಗೆ ಮಾತ್ರ "ನಾಕನೇ ಇಯತ್ತೆ ಕಲ್ತೀನಿ" ಎನ್ನುತ್ತಿದ್ದ.

ಅಂಥವನು ಮರಡಿಹಾಳದ ಮಿಶನ್ ಕಂಪೌಂಡಿಗೆ ಬಂದದ್ದು ಪ್ಲೇಗು ಇಳಿದ ವರ್ಷ. ಊರ ಹೊರಗೆ ಹಂಚಿನ ಎರಡು ಕೋಣೆ, ಬೆನ್ನಿಗೆ ತಗಡಿನ ಉದ್ದ ಪಡಸಾಲೆ. ಅಲ್ಲಿ ಕ್ರೈಸ್ತ ಉಪದೇಶಿ ಸೀಲಪ್ಪನವರೂ ಅವರ ಧರ್ಮಪತ್ನಿ ತಬಿಥಮ್ಮನವರೂ ತಮ್ಮ ಇಬ್ಬರು ಹೆಣ್ಣುಮಕ್ಕಳ ಜೊತೆಗೆ, ದಿಕ್ಕಿಲ್ಲದ ಇಪ್ಪತ್ತೊಂದು ಹುಡುಗಿಯರನ್ನು ಸಾಕುತ್ತಿದ್ದರು. ಹೆತ್ತ ಮಕ್ಕಳಿಗೂ ಹೊರಗಿನಿಂದ ಬಂದವರಿಗೂ ಒಂದೇ ಪಂಕ್ತಿ, ಒಂದೇ ನುಚ್ಚು, ಒಂದೇ ಅಳತೆಯ ತಂಬಿಗೆ. ತಾಯಿ ಕರೆದ ಹೆಸರನ್ನು ತಬಿಥಮ್ಮನವರು ಬದಲಿಸುತ್ತಿರಲಿಲ್ಲ. ಅದೇ ಹೆಸರನ್ನು ತಂಬಿಗೆಯ ಮೇಲೆ ಕೆತ್ತಿಸಿ ಕೊಡುತ್ತಿದ್ದರು. "ಜಗತ್ತಿನೊಳಗ ಇದೊಂದು ನಿಂದು" ಎಂದು ಹೇಳಿ ಕೈಗಿಡುತ್ತಿದ್ದರು.

ಹುಚ್ಚೀರಪ್ಪ ಇಪ್ಪತ್ತಮೂರು ತಂಬಿಗೆಗೆ ಹೆಸರು ಕೆತ್ತಿದ. ಇಪ್ಪತ್ತನಾಲ್ಕನೆಯದರ ಮೇಲೆ ಸುಣ್ಣದ ಗೀಟಿರಲಿಲ್ಲ.

"ಅವ್ವಾರ, ಇದು ಯಾರದ್ರೀ?"

"ಬರುವವಳದು."

"ಯಾರು ಬರಾಕಿ?"

"ಗೊತ್ತಿಲ್ಲ ತಮ್ಮಾ. ಬಂದಾಗ ಇಲ್ಲ ಅನಬಾರದಲ್ಲ."

ಅವನಿಗೆ ನಗು ಬಂತು. ಇದ್ದವರಿಗೇ ನುಚ್ಚು ಸಾಲದ ಮನೆ, ಇಲ್ಲದವಳಿಗೆ ತಂಬಿಗೆ ಬೆಳಗಿಸುತ್ತಾರಲ್ಲ! ಊಟಕ್ಕೆ ಮುಂಚೆ ಅವರೆಲ್ಲ ಕಣ್ಣು ಮುಚ್ಚಿ ಪ್ರಾರ್ಥನೆಗೆ ಕೂತರೆ ಇವನು ಕಣ್ಣು ತೆರೆದು ನುಚ್ಚು ಆರುವುದನ್ನು ನೋಡುತ್ತಿದ್ದ.

ತಪ್ಪು ಆದದ್ದು ಗುರುವಾರದ ಸಂತೆಯಲ್ಲಿ. ಚಹಾದ ಅಂಗಡಿಯಲ್ಲಿ ಒಬ್ಬ ಚೇಷ್ಟೆಗೆ, "ಏನಲೇ ಕಲಾಯಿ, ಓದಾಕ ಬರ್ತೈತೋ ಇಲ್ಲೋ?" ಎಂದ. ಹುಚ್ಚೀರಪ್ಪನಿಗೆ ಚುರುಕ್ಕೆಂದಿತು. "ಬರದs ಏನು? ಮಿಶನ್ ಮನೀ ತಂಬಿಗಿ ಮ್ಯಾಲಿನ ಇಪ್ಪತ್ತಮೂರೂ ಹೆಸರು ಹೇಳ್ಲೇನು?" ಎಂದು ಬಾಯಿಪಾಠ ಒಪ್ಪಿಸಿಬಿಟ್ಟ. ತಂಬಿಗೆಯ ತಗ್ಗು, ಸೊಟ್ಟ ನೋಡಿಯೇ ಯಾವುದು ಯಾರದೆಂದು ಅವನಿಗೆ ನೆನಪಿತ್ತು. ಒಂಬತ್ತನೆಯ ಹೆಸರು ಕೆಂಚವ್ವ.

ಮೂಲೆಯಲ್ಲಿ ಕೂತಿದ್ದ ಒಬ್ಬ ಚಹಾದ ಬಶಿ ಕೆಳಗಿಟ್ಟ. "ಯಾವ ಕೆಂಚವ್ವ? ಹನ್ನೆರಡರಾಕಿ ಏನು? ಮುದುಕಿ ಒಬ್ಬಾಕಿ ತಂದು ಬಿಟ್ಟಿದ್ಲೇನು?"

"ಹೌದು" ಎಂದ ಮೇಲೆಯೇ ಹುಚ್ಚೀರಪ್ಪನಿಗೆ ಆ ಮುಖ ಕಂಡದ್ದು. ಆತ ದುರ್ಗಪ್ಪ, ಕೆಂಚವ್ವನ ಸೋದರಮಾವ. ಆ ಮನೆತನದಲ್ಲಿ ಹಿರಿಯರು ಹೊತ್ತ ಹರಕೆಗೆ ಒಬ್ಬ ಹುಡುಗಿಗೆ ಮುತ್ತು ಕಟ್ಟಿ ದೇವದಾಸಿಯಾಗಿ ಬಿಡಬೇಕಾಗಿತ್ತು. ತಾಯಿ ಸತ್ತಾಗ ಅಜ್ಜಿ ಐದು ವರ್ಷದ ಮೊಮ್ಮಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಓಡಿಬಂದದ್ದು ಅದರಿಂದ ತಪ್ಪಿಸಲಿಕ್ಕೆ. ಮುತ್ತು ಕಟ್ಟಿಸಿಕೊಂಡ ಹುಡುಗಿಯ ಬಾಳು ಏನಾಗುತ್ತದೆಂದು ಊರೂರು ತಿರುಗಿದ ಹುಚ್ಚೀರಪ್ಪನಿಗೆ ಯಾರೂ ಹೇಳಬೇಕಾಗಿರಲಿಲ್ಲ.

"ನಾಳೆ ಮಧ್ಯಾಹ್ನ ಮಂದಿ ಕರಕೊಂಡು ಬರ್ತೀವಿ" ಎಂದ ದುರ್ಗಪ್ಪ. "ನೀನೂ ಅಲ್ಲೇ ಇರು. ಇಲ್ಲಂದ್ರ ಯಾವ ಸಂತ್ಯಾಗ ಸಿಕ್ರೂ ಬಿಡೂದಿಲ್ಲ."

ಓಡಿಹೋಗಬಹುದಿತ್ತು. ದಾರಿ ಕಾಲ ಬುಡದಲ್ಲೇ ಇತ್ತು. ಆದರೆ ಗಂಟು ಕಂಪೌಂಡಿನಲ್ಲಿತ್ತು. ಗಂಟಿಗೆಂದು ಹೋದವನಿಗೆ ಎದುರಾದದ್ದು, ತನ್ನ ತಂಬಿಗೆಯನ್ನು ಬೂದಿಯಲ್ಲಿ ಉಜ್ಜುತ್ತ ಕೂತಿದ್ದ ಕೆಂಚವ್ವ. "ಮಾಮಾ, ನೋಡಿಲ್ಲಿ, ನನ್ನ ಹೆಸರು ಹೊಳಿಯಾಕತ್ತೈತಿ" ಎಂದಳು. ಅವನು ಗಂಟಿನ ಕಡೆ ಹೋಗಲಿಲ್ಲ. ನೆಟ್ಟಗೆ ತಬಿಥಮ್ಮನವರ ಬಳಿ ಹೋಗಿ ಎಲ್ಲ ಹೇಳಿಬಿಟ್ಟ.

ಸೀಲಪ್ಪನವರು ಹಳ್ಳಿಗಳ ಕಡೆ ಹೋಗಿದ್ದರು, ರವಿವಾರದವರೆಗೆ ಬರುವಂತಿರಲಿಲ್ಲ. ಊರಿನಲ್ಲಿ ಇವರ ಪರವಾಗಿ ಕೋಲು ಹಿಡಿಯುವವರು ಯಾರೂ ಇರಲಿಲ್ಲ.

"ಹೆಸರು ಉಜ್ಜಿ ಹಾಕ್ತೀನ್ರೀ ಅವ್ವಾ. ಉಜ್ಜೂ ಅರ ಗಂಟಿನ್ಯಾಗs ಐತಿ, ತಾಸಿನ ಕೆಲಸ."

ತಬಿಥಮ್ಮನವರ ಮುಖವೂ ಬಿಳುಪೇರಿತ್ತು. ಆದರೂ ಮಾತು ನಡುಗಲಿಲ್ಲ.

"ಬ್ಯಾಡ. ಅದೊಂದು ನಿಂದು ಅಂತ ಹೇಳಿ ಕೊಟ್ಟೀನಿ. ಸುಳ್ಳೂ ಬ್ಯಾಡ. ನೀ ಊಟದ ಹೊತ್ತಿಗೆ ಇಲ್ಲೇ ಇರು, ಸಾಕು."

ಅವನ ಇಡೀ ಬಾಳಿನಲ್ಲಿ ಇಷ್ಟು ಕಠಿಣವಾದದ್ದನ್ನು ಯಾರೂ ಕೇಳಿರಲಿಲ್ಲ.

ಮರುದಿನ ಬೆಳಗಿನಿಂದ ಹುಚ್ಚೀರಪ್ಪನ ಬಾಯಲ್ಲಿ ಉಗುಳು ಇರಲಿಲ್ಲ. ದಾರಿಯಲ್ಲಿ ಧೂಳೆದ್ದರೆ ಗೇಟಿಗೆ ಹೋಗಿ ಇಣುಕುತ್ತಿದ್ದ. ಗಾಡಿಯೊಂದು ಹಾದುಹೋಯಿತು, ಅವರಲ್ಲ. ಕುರಿ ಹಾದುಹೋದವು, ಅವರಲ್ಲ. ಹುಡುಗಿಯರಿಗೂ ಏನೋ ವಾಸನೆ ಹತ್ತಿತ್ತು. ನಗುವಿಲ್ಲದೆ ಪಂಕ್ತಿಗೆ ಕೂತು, ಎದುರಿಗೆ ತಂಬಿಗೆ ಇಟ್ಟುಕೊಂಡರು. ಕೆಂಚವ್ವನ ಎಡಕ್ಕೆ ತಬಿಥಮ್ಮನವರ ಹಿರಿಮಗಳು, ಬಲಕ್ಕೆ ಕಿರಿಮಗಳು. ಎಲ್ಲರ ತಲೆಗೂ ಒಂದೇ ಎಣ್ಣೆ, ಎಲ್ಲರಿಗೂ ಒಂದೇ ಬಟ್ಟೆಯ ಲಂಗ.

ನುಚ್ಚು ಬಡಿಸುವಾಗ ಗೇಟು ಕಿರುಗುಟ್ಟಿತು. ದುರ್ಗಪ್ಪ ಕೈಯಲ್ಲಿ ಕುಡುಗೋಲು ಹಿಡಿದು ಒಳಗೆ ಬಂದ. ಬಡಿಗೆ ಹಿಡಿದ ಇಬ್ಬರು ಗೇಟಿನಲ್ಲೇ ನಿಂತರು.

"ಯಾರು ಕೆಂಚವ್ವ? ಏಳು!"

ಯಾರೂ ಏಳಲಿಲ್ಲ. ಏಳು ವರ್ಷದ ಹಿಂದೆ ಕಂಡ ಕೂಸನ್ನು ಅವನು ಗುರುತಿಸಲಾರದೆ ಹೋದ. ತಂಬಿಗೆಯ ಮೇಲಿನ ಹೆಸರು ಓದಲು ಅವನಿಗೂ ಅಕ್ಷರ ಬಾರದು. ಹುಚ್ಚೀರಪ್ಪನ ಹೆಗಲು ಹಿಡಿದು ಎಳೆದ. "ನೀನs ಕೆತ್ತಿದ್ದಲ್ಲ, ಓದು. ಒಂದೊಂದs ಓದು."

ಕುಡುಗೋಲಿನ ಹಿಡಿ ಬೆನ್ನಿಗೆ ಒತ್ತುತ್ತಿತ್ತು. ಅಂಚು ಸೊಟ್ಟಗಿದ್ದ ಒಂಬತ್ತನೆಯ ತಂಬಿಗೆ ಅವನ ಕಣ್ಣೆದುರಿಗೇ ಇತ್ತು. ಅದರ ಹಿಂದೆ ಎರಡು ಕಣ್ಣು.

"ನನಗ ಓದಾಕ ಬರೂದಿಲ್ಲ" ಎಂದ ಹುಚ್ಚೀರಪ್ಪ. "ದೇವರಾಣೆ ಬರೂದಿಲ್ಲ. ಮೂವತ್ತು ವರ್ಷದಿಂದ ಬರ್ತೈತಿ ಅಂತ ಸುಳ್ಳು ಹೇಳ್ಕೋತ ಬಂದೀನಿ."

ಕಪಾಳಕ್ಕೆ ಬಿದ್ದ ಏಟಿಗೆ ಅವನು ಗೋಡೆಗೆ ಹೋಗಿ ಒರಗಿದ. ಕೈ ಬೀಸಿದ ಭರಕ್ಕೆ ದುರ್ಗಪ್ಪನ ಟವಲಿನ ಗಂಟು ಬಿಚ್ಚಿ, ಹಸಿರು ಬಳೆ ನೆಲಕ್ಕೆ ಬಿದ್ದು ಉರುಳಿದವು. ಮುತ್ತು ಕಟ್ಟುವ ದಿನಕ್ಕೆಂದು ತಂದವು. ಒಂದು ಉರುಳಿ ಬಂದು ತಬಿಥಮ್ಮನವರ ಕಾಲಿಗೆ ತಾಗಿ ನಿಂತಿತು. ಅವರು ಎತ್ತಿಕೊಂಡು ನೋಡಿದರು.

"ಇದು ಹನ್ನೆರಡರಾಕಿ ಕೈಗೆ ಹಿಡಿಯೂದಿಲ್ಲ ಅಣ್ಣಾ. ಯಾರ ಕೈ ಅಳತಿ ತಂದಿ?"

ದುರ್ಗಪ್ಪ ಕುಡುಗೋಲು ಕೆಳಗಿಳಿಸಿದ.

"ಎಷ್ಟು ವರ್ಷ ಅಕೀಗೆ?"

"ಎಂಟು" ಎಂದ ದುರ್ಗಪ್ಪ. "ತಿಪ್ಪವ್ವ ಅಂತ. ನನ್ನ ಮಗಳು. ಇಕಿ ಸಿಗಲಿಲ್ಲಂದ್ರ ಅಕೀನ್ನs ಕೊಡು ಅಂದಾರ ಹಿರ್ಯಾರು. ನಾ ಏನು ಮಾಡ್ಲಿ?"

ಕುಡುಗೋಲು ಹಿಡಿದು ಬಂದವನು ತಮ್ಮೆಲ್ಲರಿಗಿಂತ ಹೆಚ್ಚು ಹೆದರಿದ್ದಾನೆಂಬುದು ಹುಚ್ಚೀರಪ್ಪನಿಗೆ ಆಗ ತಿಳಿಯಿತು. ತಬಿಥಮ್ಮನವರಿಗೆ ಅದು ಗೇಟಿನಲ್ಲೇ ಕಂಡಿತ್ತೋ ಏನೋ.

ಪಂಕ್ತಿಯ ಕೊನೆಯಲ್ಲಿ ಹೆಸರಿಲ್ಲದ ತಂಬಿಗೆ ಇತ್ತು. ತಬಿಥಮ್ಮನವರು ಅದನ್ನು ಎತ್ತಿಕೊಂಡು, ನೀರು ತುಂಬಿ, ಎರಡೂ ಕೈಯಿಂದ ದುರ್ಗಪ್ಪನಿಗೆ ಕೊಟ್ಟರು.

"ಇದು ಅಕೀದು. ಕರಕೊಂಡು ಬಾ."

ಅವನು ಕುಡಿದನೋ ಚೆಲ್ಲಿದನೋ, ನೀರು ಗಡ್ಡದಿಂದ ಎದೆಗಿಳಿಯಿತು. ತಂಬಿಗೆಯನ್ನು ಇದ್ದಲ್ಲೇ ಇಟ್ಟು, ಬಳೆಗಳನ್ನು ಹೆಕ್ಕದೆ ಹೊರಗೆ ನಡೆದ. ಗೇಟಿನಲ್ಲಿದ್ದವರು, "ಏನಾತು, ಸಿಕ್ಕಳೇನು?" ಎಂದರು.

"ನಡೀರಿ ಸುಮ್ಮನs!" ಎಂದ ದುರ್ಗಪ್ಪ.

ಆಮೇಲಿನ ಒಂಬತ್ತು ದಿನ ಹುಚ್ಚೀರಪ್ಪ ಹೆದರುತ್ತಲೇ ಇದ್ದ. ಹೆಚ್ಚು ಮಂದಿ ಕಟ್ಟಿಕೊಂಡು ಬಂದರೆ? ಪ್ರಾರ್ಥನೆಯ ಹೊತ್ತಿಗೆ ಅವನ ಕಣ್ಣು ತಾವಾಗಿಯೇ ಮುಚ್ಚತೊಡಗಿದವು. ಹತ್ತನೆಯ ದಿನ, ಅದೇ ಊಟದ ಹೊತ್ತಿಗೆ, ಗೇಟು ಕಿರುಗುಟ್ಟಿತು. ದುರ್ಗಪ್ಪ ಒಬ್ಬನೇ ಬಂದಿದ್ದ. ಹೆಗಲ ಮೇಲೆ ಒಬ್ಬ ಹುಡುಗಿ ಅಪ್ಪನ ಕೂದಲು ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

ತಬಿಥಮ್ಮನವರು ಸುಣ್ಣದಲ್ಲಿ ಬರೆದರು, ಹುಚ್ಚೀರಪ್ಪ ಉಳಿ ಓಡಿಸಿದ. ಆ ಮನೆಯಲ್ಲಿ ಹೆಸರಿಲ್ಲದ ತಂಬಿಗೆ ಈಗ ಉಳಿದಿರಲಿಲ್ಲ.

ಅಂದು ಸಂಜೆ ಅವನು ಗಂಟು ಬಿಚ್ಚಿ, ಮಾಸ್ತರರ ಹಳೆಯ ತಂಬಿಗೆಯನ್ನು ತೆಗೆದ. ಹೊಸ ಕಲಾಯಿ ಹಾಕಿದ. ಬಾವಿಗೆ ಹೋದ. ನೀರು ತುಂಬಿದ. ಈ ಸಲ ತಿರುಗಿ ಬಂದ. ಪಂಕ್ತಿಯ ಕೊನೆಯಲ್ಲಿ ಅದನ್ನಿಟ್ಟು, ತಿದಿ ಮಡಚತೊಡಗಿದ.

"ದಾರ್ಯಾಗ ನೀರಿಗೆ ಏನು ಮಾಡ್ತಿ ತಮ್ಮಾ?" ಎಂದು ತಬಿಥಮ್ಮನವರು ಕೇಳಿದರು.

"ಬೊಗಸಿ ಐತಲ್ರೀ ಅವ್ವಾ."

ಗಂಟು ಕಟ್ಟಿ ಹೆಗಲಿಗೇರಿಸಿದ. ಗೇಟಿನವರೆಗೆ ಹೋದವನು ಹಿಂದಿರುಗಿ ನೋಡಿ, ಮೂವತ್ತು ವರ್ಷದಲ್ಲಿ ಯಾರಿಗೂ ಹೇಳದ ಮಾತನ್ನು ಹೇಳಿದ.

"ಹೋಗಿ ಬರ್ತೀನ್ರೀ."