ಕಡಲಿನ ತಲೆಯಳತೆ

ಪ್ರಳಯದ ನೀರಲ್ಲಿ ಆಲದೆಲೆಯ ಮೇಲೆ ಹಾಯಾಗಿ ಮಲಗಿದ್ದ ಸ್ವಾಮಿಗೆ ಮೊದಲು ಕೈಮುಗಿಯೋಣ. ಹನಿಯಲ್ಲೂ ಅವನೇ, ಕಡಲಲ್ಲೂ ಅವನೇ. ಅವನನ್ನು ನೆನೆದು ಈ ಕಥೆ ಹೇಳುತ್ತೇನೆ, ಕೇಳಿ ಮಕ್ಕಳೇ.

ಲೋಕ ಆಗಷ್ಟೇ ಹೊಸದಾಗಿತ್ತು. ಬೆಟ್ಟಗಳ ಮಣ್ಣು ಇನ್ನೂ ಹಸಿ. ಕಡಲಿನ ಜಾಗದಲ್ಲಿ ಬರೀ ದೊಡ್ಡದೊಂದು ಹಳ್ಳವಿತ್ತು, ನೀರಿರಲಿಲ್ಲ.

ಸ್ವಾಮಿ ಮೋಡಣ್ಣನನ್ನು ಕರೆದು ನೀರು ಹುಯ್ಯಲು ಹೇಳಿದ. ದಡದ ಏಡಿಯಮ್ಮನನ್ನು ಕರೆದು ಅಳೆಯಲು ಹೇಳಿದ. ಸರಿಯಾಗಿ ಕೋಟಿ ಕೆರೆಯಷ್ಟು ನೀರು ಬೇಕು, ಕಡಿಮೆಯಾದರೆ ಮೀನು ಬದುಕದು, ಹೆಚ್ಚಾದರೆ ದಡ ಉಳಿಯದು ಎಂದ.

ಏಡಿಯಮ್ಮನ ಹತ್ತಿರ ಇದ್ದದ್ದು ಪಾವು ಹಿಡಿಯುವ ಒಂದು ಚಿಪ್ಪು, ಅಷ್ಟೇ. ಅದನ್ನು ನೋಡಿ ಮೋಡಣ್ಣನಿಗೆ ನಗು.

“ಈ ಚಿಪ್ಪಲ್ಲಿ ಕಡಲು ಅಳೀತೀಯೇನಮ್ಮ? ನೀನು ಮುಗಿಸೋಷ್ಟರಲ್ಲಿ ನನ್ನ ಗಡ್ಡ ಬೆಳ್ಳಗಾಗಿರುತ್ತೆ.”

“ಈಗೇನು ಕಪ್ಪಗಿದೆಯೇ? ಸುಮ್ಮನೆ ಹುಯ್ಯಿ ಮೋಡಣ್ಣ.”

ಮೋಡಣ್ಣ ಹುಯ್ದ, ಏಡಿಯಮ್ಮ ಅಳೆದಳು. ನಾಲ್ಕು ಪಾವಿಗೆ ಒಂದು ಸೇರು. ಎರಡು ಸೇರಿಗೆ ಒಂದು ಬಳ್ಳ. ನಾಲ್ಕು ಬಳ್ಳಕ್ಕೆ ಒಂದು ಕೊಳಗ. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಲಕ್ಷ ಖಂಡುಗಕ್ಕೆ ಒಂದು ಕೆರೆ. ಹೀಗೆ ಅಳೆದಳು, ಅಳೆದಳು, ಯುಗಯುಗ ಅಳೆದಳು. ಒಂದು ಚಿಪ್ಪನ್ನೂ ತಪ್ಪಿಸಲಿಲ್ಲ.

ಕೊನೆಗೊಂದು ಬೆಳಗ್ಗೆ ಕೋಟಿ ಕೆರೆ ತುಂಬಿತು. ಮೋಡಣ್ಣ ಕೈತೊಳೆದುಕೊಂಡು ಹೊರಟ. ಏಡಿಯಮ್ಮ ಮರಳಿನ ಬಿಲದಲ್ಲಿದ್ದ ಮರಿಗಳನ್ನು ನೋಡಲು ತಿರುಗಿದಳು. ನೋಡುತ್ತಾಳೆ, ನೀರು ಬಿಲದ ಬಾಯಿಗೇ ಬಂದಿದೆ. ಕೊನೆಗೆ ಹುಯ್ದ ನೀರು ದಡದತ್ತ ಹರಡುತ್ತ ಇನ್ನೂ ಏರುತ್ತಿದೆ.

ಮರಿಗಳೋ ಮೊನ್ನೆ ಮೊನ್ನೆ ಹುಟ್ಟಿದ ಎಳೆಯವು, ಕಾಲು ಗಟ್ಟಿಯಾಗಿರಲಿಲ್ಲ. ಬಿಲ ಮುಳುಗಿದರೆ ಅವೂ ಹೋದಂತೆಯೇ. ಲೆಕ್ಕ ಎಲ್ಲಿ ತಪ್ಪಿತು? ಅವಳು ಮತ್ತೊಮ್ಮೆ ಚಿಪ್ಪಲ್ಲಿ ನೀರು ತುಂಬಿ ಕಣ್ಣೆದುರು ಹಿಡಿದಳು. ಆಗ ಕಂಡಿತು. ಚಿಪ್ಪಿನ ಅಂಚಿಗಿಂತ ಮೇಲೆ ನೀರು ಒಂದು ಹನಿಯಷ್ಟು ಉಬ್ಬಿ ನಿಂತಿತ್ತು.

ಅದಕ್ಕೊಂದು ಕಾರಣವಿತ್ತು, ಮಕ್ಕಳೇ. ಭೂತಾಯಿ ಎಲ್ಲ ಜೀವಿಗಳಿಗೂ ಕಾಳು ಹಂಚಿದಾಗ ಅಳೆದುಕೊಟ್ಟವಳು ಈ ಏಡಿಯಮ್ಮನೇ. ಕಾಳನ್ನು ಯಾರೂ ಬಾಯಿಮಟ್ಟಕ್ಕೆ ಅಳೆದು ಕೊಡುವುದಿಲ್ಲ. ಮೇಲೆ ಪುಟ್ಟ ಗೋಪುರ ನಿಲ್ಲುವಂತೆ ತುಂಬಿ ಕೊಡುತ್ತಾರೆ. ಅದೇ ತಲೆಯಳತೆ. ಅದೇ ರೂಢಿಯ ಕೈ ನೀರಿಗೂ ತಲೆಯಿಟ್ಟು ಅಳೆದಿತ್ತು. ಪಾವಿಗೆ ಒಂದೇ ಹನಿ. ಖಂಡುಗಕ್ಕೆ ಬಂದರೂ ಒಂದು ಬೊಗಸೆ ತುಂಬದು. ಆದರೆ ಕೋಟಿ ಕೆರೆಗೆ? ಊರೂರು ಮುಳುಗಿಸುವಷ್ಟು.

ಏಡಿಯಮ್ಮ ಅಡ್ಡಡ್ಡ ಓಡಿ ಸ್ವಾಮಿಯ ಪಾದಕ್ಕೆ ಬಿದ್ದಳು.

“ತಪ್ಪು ನನ್ನದು ತಂದೆ. ಹೆಚ್ಚಾದದ್ದನ್ನು ಇದೇ ಚಿಪ್ಪಿನಿಂದ ಮೊಗೆದು ಹಾಕ್ತೀನಿ. ಆದರೆ ಅಲ್ಲೀವರೆಗೆ ನನ್ನ ಮರಿಗಳು ಇರೋದಿಲ್ಲ.”

ಸ್ವಾಮಿ ಅವಳ ಬೆನ್ನು ಸವರಿದ.

“ಕೊಡುವ ಕೈ ಧಾರಾಳವಾಯಿತು ಅಂತ ನಾನು ಬೈಯಲೇ ಮಗಳೇ? ಹೆಚ್ಚಿನ ನೀರು ಒಂದೇ ಕಡೆ ನಿಂತರೆ ಕೇಡು. ತಿರುಗುತ್ತಿದ್ದರೆ ಕೇಡಿಲ್ಲ.”

ಅವನು ಚಂದ್ರನನ್ನು ಕರೆದ. ಕಡಲಿನ ಆ ತಲೆಯನ್ನು ಎರಡು ಪಾಲು ಮಾಡಿ, ಕಾವಡಿಯ ಎರಡು ತುದಿಗೆ ಕಟ್ಟಿದಂತೆ ಭೂಮಿಯ ಈ ಬದಿಗೊಂದು, ಆ ಬದಿಗೊಂದು ಇಟ್ಟ. ಎಳೆದುಕೊಂಡು ತಿರುಗುತ್ತಿರು, ಯಾವ ದಡದಲ್ಲೂ ಬಹಳ ಹೊತ್ತು ನಿಲ್ಲಿಸಬೇಡ ಎಂದ. ಭಾರ ಹೆಚ್ಚಾದೀತು ಎಂದು ಚಂದ್ರ ಸ್ವಲ್ಪ ಗೊಣಗಿದನಂತೆ. ಆದರೂ ಹೆಗಲು ಕೊಟ್ಟ.

ಬಿಲದ ಒಳಗೆ ಇಳಿಯತೊಡಗಿದ್ದ ನೀರು ನಿಂತಿತು. ಮೆಲ್ಲಗೆ ಹಿಂದೆ ಸರಿಯಿತು. ಏಡಿಯಮ್ಮ ಬಗ್ಗಿ ನೋಡಿದಳು. ಒಂದು, ಎರಡು, ಮೂರು... ಎಲ್ಲ ಮರಿಗಳೂ ಒದ್ದೆಯಾಗಿ, ಕಣ್ಣು ಪಿಳಿಪಿಳಿ ಬಿಡುತ್ತ ಕೂತಿದ್ದವು. ಅವಳು ಅಲ್ಲೇ ಮರಳಲ್ಲಿ ಕುಸಿದು, ಅತ್ತಳೋ ನಕ್ಕಳೋ, ಅವಳಿಗೇ ತಿಳಿಯಲಿಲ್ಲ.

ಅಂದಿನಿಂದ ಇಂದಿನವರೆಗೂ, ದಿನಕ್ಕೆ ಎರಡು ಸಲ ಕಡಲು ಉಬ್ಬಿ ನಿಮ್ಮ ಕಾಲ ಬಳಿಗೆ ಬರುತ್ತದೆ, ಎರಡು ಸಲ ಇಳಿದು ದಡವನ್ನು ನಿಮಗೇ ಬಿಟ್ಟು ಹೋಗುತ್ತದೆ.

ಕೇಳಿದ ನಿಮ್ಮೆಲ್ಲರ ಮನೆಬಾಗಿಲಿಗೆ ಬಂದ ಕಷ್ಟವೂ ಹಾಗೇ ಹಿಂದೆ ಸರಿಯಲಿ, ಸ್ವಾಮಿ ನಿಮ್ಮ ಮಡಿಲನ್ನು ತಲೆಯಳತೆಯಲ್ಲೇ ತುಂಬಲಿ.