ಮೊದಲ ಮನೆಯ ಸೆರಗು

"ಮೇಷ್ಟ್ರೇ, ಬರೆದದ್ದೆಲ್ಲ ಸರಿಯಾಗಿಯೇ ಇದೆ. ಆದರೂ ಉತ್ತರ ಯಾಕೆ ಬರುತ್ತಿಲ್ಲ?"

ಚಂಪಾವತಿ ಇದನ್ನು ಕೇಳಿದ್ದು ಮೂರನೆಯ ಸಲ. ಒಂದು, ಒಂದು, ಎರಡು, ಮೂರು, ಐದು, ಎಂಟು ಎಂದು ಸಾಗುವ ಸಾಲನ್ನು ಕಂಪ್ಯೂಟರಿನಿಂದ ಹೇಳಿಸಬೇಕಿತ್ತು. ಪ್ರತಿ ಸಂಖ್ಯೆಯೂ ತನ್ನ ಹಿಂದಿನ ಎರಡನ್ನು ಕೇಳಿ ಕೂಡಿಸಿಕೊಳ್ಳಲಿ ಎಂದು ಒಂದೇ ನಿಯಮ ಬರೆದಿದ್ದಳು. ಪರದೆ ಉಸಿರು ಕಟ್ಟಿದಂತೆ ನಿಂತಿತ್ತು. ಬೆಳಗಾದರೆ ಇದೇ ಪಾಠವನ್ನು ಹೊಸಬರಿಗೆ ಅವಳು ಹೇಳಿಕೊಡಬೇಕು. ಅದು ಅವಳ ಮೊದಲ ತರಗತಿ. ಕೂತಲ್ಲಿ ಕೂರಲಾರಳು, ನಿಂತಲ್ಲಿ ನಿಲ್ಲಲಾರಳು.

"ನಾಳೆ ನೀವೇ ಪಾಠ ಮಾಡಿಬಿಡಿ," ಎಂದಳು.

ಮೇಷ್ಟರು ಕತೆ ಹೇಳಿದರು.

ಒಂದು ನೇಕಾರರ ಕೇರಿ. ಸಾಲಾಗಿ ಆರು ಮನೆ. ಮದುವೆ ಸೀರೆಯ ಸೆರಗಿಗೆ ಎಷ್ಟು ಪಟ್ಟೆ ಎಂಬುದಕ್ಕೆ ಅಲ್ಲೊಂದು ಕಟ್ಟಳೆ: ಹಿಂದಿನ ಎರಡು ಮನೆಗಳ ಪಟ್ಟೆ ಕೂಡಿಸಿದಷ್ಟು. ಲೆಕ್ಕ ಗೊತ್ತಿದ್ದರೂ ಪ್ರತಿ ಮದುವೆಗೂ ಹೊಸದಾಗಿ ಕೇಳಿಯೇ ನೇಯಬೇಕು. ಕೇಳದೆ ನೇಯ್ದರೆ ಹಿರಿಯರಿಗೆ ಅವಮಾನ. ಮೊದಲ ಮನೆಯ ಮುದುಕಿ ಮಾತ್ರ ಯಾರನ್ನೂ ಕೇಳದೆ "ಒಂದು" ಎನ್ನುತ್ತಿದ್ದಳು. ಎರಡನೆಯ ಮನೆ ಅವಳ ಮೈದುನನದು, ಅಲ್ಲೂ ಒಂದೇ. ಅಲ್ಲಿಂದ ಉತ್ತರ ಮನೆ ಮನೆ ದಾಟಿ ವಾಪಸು ಬರುತ್ತಿತ್ತು.

ಮುದುಕಿ ತೀರಿಕೊಂಡಳು. ಸೊಸೆ ಮಗ್ಗಕ್ಕೆ ಕುಳಿತಳು.

ಅದೇ ವರ್ಷ ಆರನೆಯ ಮನೆಯಲ್ಲಿ ಮದುವೆ. ತಾಯಿ ಮಗಳ ಸೀರೆಯ ಒಡಲು ನೇಯ್ದು ಮುಗಿಸಿ, ಸೆರಗಿನ ಪಟ್ಟೆ ಕೇಳಲು ಐದನೆಯ ಮನೆಗೆ ಹೋದಳು. ಐದನೆಯವಳು "ತಾಳು, ಕೇಳಿ ಬರುತ್ತೇನೆ" ಎಂದು ನಾಲ್ಕನೆಯ ಮನೆಗೆ ಹೋದಳು. ನಾಲ್ಕನೆಯವಳು ಮೂರನೆಯ ಮನೆಗೆ ಓಡಿದಳು. ಮೂರನೆಯವಳು ಎರಡನೆಯ ಮನೆಯಲ್ಲಿ ಕೇಳಿಕೊಂಡು ಮೊದಲ ಮನೆಗೆ ಬಂದಳು. ಸೊಸೆಯೂ "ತಾಳಿ, ಕೇಳಿ ಬರುತ್ತೇನೆ" ಎಂದಳು. ಮನೆಗೆ ಬೀಗ ಹಾಕಿ ತವರಿನ ದಾರಿ ಹಿಡಿದಳು.

ಕೇರಿಯ ಹೆಂಗಸರೆಲ್ಲ ಕೆಲಸ ಬಿಟ್ಟು, ಜಗಲಿಯಿಂದ ಜಗಲಿಗೆ ಕತ್ತು ಚಾಚಿ ನಿಂತರು. ತಾಯಿ ದಿನಕ್ಕೆ ಹತ್ತು ಸಲ ಆ ಬೀಗವನ್ನು ಎಳೆದು ನೋಡಿದಳು. ಮೂರನೆಯ ದಿನ ಮದುಮಗಳು ಎರವಲು ಸೀರೆಯುಟ್ಟು ಹಸೆಮಣೆ ಏರಿದಳು.

ನಾಲ್ಕನೆಯ ದಿನ ಸೊಸೆ ಬಂದಳು. ಮದುಮಗಳ ತಾಯಿ ಬಾಗಿಲಲ್ಲೇ ತಡೆದಳು.

"ತವರಲ್ಲಿ ಏನಂದರು, ಮಹಾತಾಯಿ?"

"ನಿನ್ನ ಅತ್ತೆ ಮನೆಯ ಪಟ್ಟೆ ನಮಗೇನು ಗೊತ್ತು, ಅಲ್ಲೇ ಕೇಳು ಅಂದರು ಅಕ್ಕಾ."

"ನಿನಗೆ ಗೊತ್ತಿರಲಿಲ್ಲವೇನೇ?"

"ಗೊತ್ತಿತ್ತು. ಒಂದು. ಆದರೆ ಇಡೀ ಕೇರಿ ಹಿರಿಯರನ್ನು ಕೇಳಿ ಹೇಳುವಾಗ, ನಾನೊಬ್ಬಳೇ ಹೇಗೆ ಬಾಯಿ ಬಿಡಲಿ?"

ಮೇಷ್ಟರು ಕತೆ ನಿಲ್ಲಿಸಿದರು. ಚಂಪಾವತಿ ಪರದೆಯತ್ತ ತಿರುಗಿದಳು. ಮೊದಲನೆಯದು ಒಂದು, ಎರಡನೆಯದೂ ಒಂದು, ಇವೆರಡೂ ಯಾರನ್ನೂ ಕೇಳಬೇಕಿಲ್ಲ ಎಂದು ನಿಯಮದ ಮೇಲೆ ಬರೆದಳು. ಆರನೆಯದನ್ನು ಕೇಳಿದಳು. ಎಂಟು ಬಂತು.

ಅವಳ ಚಡಪಡಿಕೆ ಹೋಗಲಿಲ್ಲ.

"ಇದು ಸರಿಯಾಯಿತು ಮೇಷ್ಟ್ರೇ. ಆದರೆ ನಾಳೆ ಆ ಹೊಸಬರು ನನ್ನನ್ನು ಏನಾದರೂ ಕೇಳಿದರೆ? ನಿಮ್ಮ ಹತ್ತಿರ ಕಳಿಸಿಬಿಡಲೇ?"

ಮೇಷ್ಟರು ಚಪ್ಪಲಿ ಮೆಟ್ಟುತ್ತ ಹೇಳಿದರು: "ಕಳಿಸು, ಕಳಿಸಿದ ಮೇಲೆ ತರಗತಿಗೆ ಬೀಗ ಹಾಕಿ ನೀನೂ ತವರಿಗೆ ಹೋಗು."