ಸಸಿ ವ್ಯಾಪಾರಿಯ ಜಾಲತಾಣ

"ಮೇಷ್ಟ್ರೇ, ನನಗಿಂತ ನಿಧಾನವಾಗಿ ಕಲಿಯುವವರ ಜೊತೆ ಕೂತು ನಾನು ಏನು ಕಲಿಯಲಿ?" ಎಂದು ಕಸ್ತೂರಿ ಕೇಳಿದಳು.

ಅದು ಜಾಲತಾಣ ಕಟ್ಟುವುದನ್ನು ಕಲಿಸುವ ತರಗತಿ. ಮೊದಲ ಪಾಠಗಳು ಮುಗಿದ ಮೇಲೆ ಮೇಷ್ಟ್ರು ಇಬ್ಬಿಬ್ಬರನ್ನು ಜೊತೆ ಮಾಡಿ ಒಂದೊಂದು ನಿಜವಾದ ಕೆಲಸ ಒಪ್ಪಿಸುತ್ತಿದ್ದರು. ಕಸ್ತೂರಿಗೆ ಜೊತೆಯಾದವನು ಯಮನೂರ. ಅವಳು ಎರಡು ಮೂರು ಪುಟ ಮುಗಿಸುವಷ್ಟರಲ್ಲಿ ಅವನು ಒಂದರ ಅರ್ಧದಲ್ಲೇ ತಲೆ ಕೆರೆದುಕೊಳ್ಳುತ್ತಿದ್ದ. ಹುಡುಗ ಒಳ್ಳೆಯವನೇ. ಆದರೆ ಒಳ್ಳೆಯತನ ಕಟ್ಟಿಕೊಂಡು ಏನು ಮಾಡುವುದು ಎಂದು ಅವಳಿಗೆ ರೋಸಿಹೋಗಿತ್ತು. ಇವನ ಜೊತೆ ತಾನೂ ಇಲ್ಲೇ ಉಳಿದುಬಿಡುತ್ತೇನೇನೋ ಎಂಬ ಭಯವೂ ಇತ್ತು.

"ಉಳಿದದ್ದನ್ನು ನಾನೊಬ್ಬಳೇ ಮುಗಿಸುತ್ತೇನೆ. ಅವನನ್ನು ಹೊಸಬರ ತರಗತಿಗೆ ಕಳಿಸಿಬಿಡಿ," ಎಂದಳು.

ಮೇಷ್ಟ್ರು ಬೈಯಲಿಲ್ಲ. ಇಷ್ಟನ್ನು ಹೇಳುವ ಮೊದಲು ಅವಳು ಎಷ್ಟು ಒದ್ದಾಡಿರಬೇಕೆಂದು ಅವರಿಗೆ ಗೊತ್ತಿತ್ತು. ಕುರ್ಚಿ ತೋರಿಸಿ, ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಸಸಿ ವ್ಯಾಪಾರಿ ಇದ್ದ. ಮೆಣಸಿನಕಾಯಿ, ಟೊಮೆಟೊ, ಬದನೆ ಸಸಿ ಬೆಳೆಸಿ ರೈತರಿಗೆ ಮಾರುತ್ತಿದ್ದ. ಜನ ಮನೆಯಲ್ಲೇ ಕೂತು ಸಸಿ ಹೇಳಿಡಲಿ ಎಂದು ಅವನಿಗೆ ಒಂದು ಜಾಲತಾಣ ಬೇಕಾಯಿತು. ಕಲಿಯುತ್ತಿದ್ದ ಇಬ್ಬರು ಆ ಕೆಲಸ ಹಿಡಿದರು. ಒಬ್ಬ ಚುರುಕು, ಇನ್ನೊಬ್ಬ ನಿಧಾನ. ಒಬ್ಬ ಬರೆದ ಕೋಡನ್ನು ಇನ್ನೊಬ್ಬ ಓದಿ ಒಪ್ಪಿದ ಮೇಲೆಯೇ ಜಾಲತಾಣಕ್ಕೆ ಸೇರಿಸಬೇಕು ಎಂಬುದು ಅವರ ಕೆಲಸದ ಕಟ್ಟಳೆ.

ನಿಧಾನದವನು ಸಾಲು ಸಾಲಿಗೂ ನಿಂತು, ಇದು ಯಾಕೆ ಹೀಗೆ, ಅದು ಯಾಕೆ ಹಾಗೆ ಎಂದು ಕೇಳುತ್ತಿದ್ದ. ಚುರುಕಿನವನು ಮೊದಮೊದಲು ಬಿಡಿಸಿ ಹೇಳಿದ. ಆಮೇಲೆ ಉಸ್ಸೆನ್ನುತ್ತ ಹೇಳಿದ. ಆಮೇಲೆ "ಅಷ್ಟೂ ಗೊತ್ತಾಗಲ್ವೇನೋ?" ಎಂದ. ತಾನು ಓದುವ ಸರದಿ ಬಂದಾಗ ಗೆಳೆಯನ ತಪ್ಪು ತೋರಿಸುವ ಗೋಜಿಗೆ ಹೋಗದೆ, ಎಲ್ಲವನ್ನೂ ಅಳಿಸಿ ತಾನೇ ಬರೆದು ಸೇರಿಸುತ್ತಿದ್ದ. ಅವನು ಕೆಟ್ಟವನಲ್ಲ. ಉಪಕಾರ ಮಾಡುತ್ತಿದ್ದೇನೆ ಎಂದೇ ತಿಳಿದಿದ್ದ.

ದಿನ ಕಳೆದಂತೆ ನಿಧಾನದವನ ಒಪ್ಪಿಗೆ ಬೇಗಬೇಗ ಬರತೊಡಗಿತು. ಇವನೂ ಅಂತೂ ಕಲಿತ ಎಂದುಕೊಂಡು ಚುರುಕಿನವನು ಹಾಯಾಗಿದ್ದ. ಕೆಲಸ ಮುಗಿಯಿತು. ವ್ಯಾಪಾರಿ ಇಬ್ಬರ ಬೆನ್ನೂ ತಟ್ಟಿದ.

ಮಳೆ ಬಿದ್ದು ನಾಟಿಯ ಕಾಲ ಬಂತು. ರೈತರು ಫೋನಿನಲ್ಲೇ ಜಾಲತಾಣ ತೆರೆದು ಸಸಿ ಹೇಳಿದರು. ಹಳ್ಳಿಗಳಲ್ಲಿ ನೆಟ್‌ವರ್ಕ್ ಕುಂಟುತ್ತಿತ್ತು. ಬಟನ್ ಒತ್ತಿದರೆ ತೆರೆಯ ಮೇಲೆ ಏನೂ ಬದಲಾಗುತ್ತಿರಲಿಲ್ಲ. ಹೋಯಿತೋ ಇಲ್ಲವೋ ಎಂದು ಜನ ಮತ್ತೆ ಮತ್ತೆ ಒತ್ತಿದರು. ಒತ್ತಿದಷ್ಟು ಸಲವೂ ಹೊಸ ಬೇಡಿಕೆ ದಾಖಲಾಯಿತು. ವ್ಯಾಪಾರಿ ಅದನ್ನೇ ನಂಬಿ ಮಡಿಯಿಂದ ಸಸಿ ಕೀಳಿಸಿದ. ರೈತರು ಬಂದು ತಮಗೆ ಬೇಕಾದಷ್ಟನ್ನು ಮಾತ್ರ ಒಯ್ದರು. ಉಳಿದದ್ದು ಬಾಡಿ ಮಲಗಿತು. ಹೊಲ ಹದ ಮಾಡಿಟ್ಟು ಕಡೆಗೆ ಬಂದ ರೈತನೊಬ್ಬನಿಗೆ ಕೊಡಲು ಮಡಿಯಲ್ಲಿ ಒಂದು ಸಸಿಯೂ ಇರಲಿಲ್ಲ. ಅವನು ಬರಿಗೈಲಿ ಹೋದ.

ಚುರುಕಿನವನು ಬಂದು ಆ ಬಾಡಿದ ರಾಶಿಯನ್ನು ನೋಡಿದ. ಪಕ್ಕದಲ್ಲಿದ್ದ ಗೆಳೆಯನನ್ನು ಕೇಳಿದ:

"ನಾನು ಬರೆದದ್ದನ್ನು ನೀನು ಓದಿ ಒಪ್ಪಿದ್ದೆಯಲ್ಲ. ಬಟನ್ ಎರಡು ಸಲ ಒತ್ತಿದರೆ ಏನಾಗುತ್ತೆ ಅಂತ ಯಾಕೆ ಕೇಳಲಿಲ್ಲ?"

"ಒಪ್ಪಿದ್ದು ನಿಜ. ಓದಿರಲಿಲ್ಲ ಕಣೋ," ಎಂದ ಗೆಳೆಯ. "ನಾನು ಕೇಳಿದಾಗಲೆಲ್ಲ ನಿನಗೆ ಬೇಜಾರಾಗುತ್ತಿತ್ತು. ಅದಕ್ಕೇ ಕೇಳುವುದನ್ನು ಬಿಟ್ಟೆ."

ಮೇಷ್ಟ್ರು ಕತೆ ಅಲ್ಲಿಗೆ ನಿಲ್ಲಿಸಿದರು. ಕಸ್ತೂರಿಗೆ ಬರಿಗೈಲಿ ಹೋದ ರೈತನ ಬಗ್ಗೆ ಮರುಕ ಬಂದಿತ್ತು. ನಿಧಾನದವನ ಮೇಲೆ ಸಿಟ್ಟೂ ಬಂದಿತ್ತು.

"ಬೈದರೆ ಬೈಯಲಿ ಅಂತ ಅವನು ಕೇಳಬೇಕಿತ್ತು ಮೇಷ್ಟ್ರೇ," ಎಂದಳು.

ಮೇಷ್ಟ್ರು ತಲೆಯಾಡಿಸಿ ಕೇಳಿದರು:

"ಯಮನೂರ ನಿನ್ನನ್ನು ಕೊನೆಯ ಸಲ ಏನಾದರೂ ಕೇಳಿದ್ದು ಯಾವಾಗ?"

ಕಸ್ತೂರಿ ನೆನಪು ಮಾಡಿಕೊಳ್ಳಲು ನೋಡಿದಳು. ಆಗಲಿಲ್ಲ.